ಹಿಂದೆ ನಿಂತವರ ಚಪ್ಪಾಳೆ

ಇತಿಹಾಸದ ಸರ್ ತೀರಿಕೊಂಡ ಸುದ್ದಿ ಬಂದಾಗ ನಾನು ಶೇಂಗಾ ಸುಲಿಯುತ್ತಿದ್ದೆ. ಕಾಲೇಜಿನ ಹಳೆಯ ಅಟೆಂಡರ್ ಫೋನ್ ಮಾಡಿ, "ಮೇಡಮ್, ನಮ್ಮ ಸಾಹೇಬ್ರು ಹೋಗ್ಬಿಟ್ರಂತೆ, ಬೆಳಗಿನ ಜಾವ" ಅಂದ. "ಹೌದಾ" ಅಂದೆ. ಮಧ್ಯಾಹ್ನದ ನಮಾಜ್ ಆದಮೇಲೆ ಮಣ್ಣು ಅಂತಲೂ ಹೇಳಿದ. ಫೋನಿಟ್ಟು, ಮೊರದಲ್ಲಿ ಉಳಿದಿದ್ದ ಕಾಯಿಯನ್ನೂ ಸುಲಿದು ಮುಗಿಸಿದೆ. ಸಿಪ್ಪೆ ಗುಡಿಸಿ ಹಾಕಿದೆ. ಸೀರೆ ಬದಲಾಯಿಸಿಕೊಂಡೆ. ಏನೂ ಅನ್ನಿಸಲಿಲ್ಲ. ಅನ್ನಿಸಬೇಕಲ್ಲ ಎಂದು ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದೆ. ಅಲ್ಲೂ ಕುಂಕುಮ ನೆಟ್ಟಗಿಲ್ಲದ್ದು ಕಾಣಿಸಿತೇ ಹೊರತು ಬೇರೇನೂ ಕಾಣಿಸಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಮುಂದೆ ಬರುವುದು ಅವರಿಗೆ ಆಗದ ಮಾತು. ನಮ್ಮ ಕಾಲೇಜಿನ ಯಾವ ಗ್ರೂಪ್ ಫೋಟೋ ತೆಗೆದು ನೋಡಿದರೂ ಹಿಂದಿನ ಸಾಲಿನಲ್ಲಿ ಯಾರದೋ ಭುಜದ ಮರೆಯಲ್ಲಿ ಅರ್ಧ ಗಡ್ಡ, ಒಂದು ಕನ್ನಡಕದ ಗಾಜು ಕಾಣುತ್ತದಲ್ಲ, ಅವರೇ ನಮ್ಮ ಸರ್.

ಚಳ್ಳಕೆರೆಯ ಕಾಲೇಜಿಗೆ ನಾನು ಕನ್ನಡ ಕಲಿಸಲು ಬಂದ ಮೊದಲ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಇಬ್ಬರೂ ಒಟ್ಟಿಗೇ ಸಿಕ್ಕೆವು. ಹಿರಿಯರು ಎಂದು ನಾನು ನಿಂತೆ. ಅವರೂ ನಿಂತರು. "ನಡೀರಿ ಮೇಡಮ್. ನಾನು ಖಲೀಫ" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಖಲೀಫ ಅಂದರೆ ಬಾಗ್ದಾದಿನಲ್ಲಿ ವಜ್ರದ ಪೇಟ ಸುತ್ತಿಕೊಂಡು ಕೂರುವ ಅರಸ ಎಂದು ಸಿನಿಮಾಗಳು ಕಲಿಸಿದ್ದವು. ಈ ಮನುಷ್ಯನ ಅಂಗಿಯ ಕಾಲರು ಸವೆದು ಮಗುಚಿ ಹೊಲಿಸಿದ್ದು ಬೇರೆ.

"ಅರಸ ಅಲ್ರೀ. ಖಲೀಫ ಅಂದ್ರೆ ಹಿಂದೆ ಬಂದೋನು ಅಂತ ಅರ್ಥ. ಒಬ್ರು ಹೋದ್ಮೇಲೆ ಅವರ ಹಿಂದೆ ಬಂದು ಜವಾಬ್ದಾರಿ ಹೊತ್ತೋನು. ಮುಂದೆ ನಿಲ್ಲೋನಿಗೆ ಇಮಾಮ್ ಅಂತಾರೆ. ಈ ಎರಡು ಪದ ಸರಿಯಾಗಿ ತಿಳಕೊಂಡ್ರೆ ನಮ್ಮ ಇತಿಹಾಸದಾಗೆ ಅರ್ಧ ಮುಗೀತು" ಅಂದರು. ಆಮೇಲೆ ನಾನು ಒಳಗೆ ಹೋಗುವ ತನಕ ಹೊಸ್ತಿಲಾಚೆಯೇ ನಿಂತಿದ್ದರು.

ಅವರದು ಮೊಳಕಾಲ್ಮೂರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಕ್ಲಾಸಿನಲ್ಲಿ ಕನ್ನಡ. ಸಿಟ್ಟು ಬಂದರೆ ಮೂರೂ ಒಂದೇ ವಾಕ್ಯದಲ್ಲಿ ಬಂದು ಯಾರಿಗೂ ಅರ್ಥವಾಗುತ್ತಿರಲಿಲ್ಲವಾದ್ದರಿಂದ ಅವರ ಸಿಟ್ಟಿಗೆ ಯಾರೂ ಹೆದರುತ್ತಿರಲಿಲ್ಲ. ಯಾರ ಜೊತೆ ನಡೆದರೂ ಅರ್ಧ ಹೆಜ್ಜೆ ಹಿಂದೆಯೇ ನಡೆಯುತ್ತಿದ್ದರು. ಸಂತೆಗೆ ಹೋದರೆ ಮುಂದೆ ಹೆಂಡತಿ, ಹಿಂದೆ ಚೀಲ ಹಿಡಿದ ಇವರು. "ಏನ್ ಸಾಬ್ರೇ, ಅಮ್ಮನೋರು ದಂಡು ತಗೊಂಡು ಹೊಂಟಂಗೈತಲ್ಲ" ಎಂದು ಮಂಡಕ್ಕಿ ಅಂಗಡಿಯವನು ರೇಗಿಸಿದರೆ, "ದಂಡು ಹಿಂದೇನೇ ಇರ್ಬೇಕಪ್ಪಾ" ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಅವರ ಪಾಠ ಕೇಳಲೆಂದೇ ನಾನು ಖಾಲಿ ಪಿರಿಯಡ್ಡಿನಲ್ಲಿ ವರಾಂಡದಲ್ಲಿ ಕೂತದ್ದಿದೆ. ಇಸ್ಲಾಮಿನ ಪಾಠ ಬಂದರೆ ಸಿಲಬಸ್ಸು ಕೇಳುವುದಕ್ಕಿಂತ ಹೆಚ್ಚೇ ಹೇಳುತ್ತಿದ್ದರು. ಹುಡುಗರೆಲ್ಲ ನನ್ನಂತೆಯೇ ನನ್ನಿವಾಳದ ಸುತ್ತಲ ದನ ಕಾಯುವ ಮನೆಗಳವರು. ಅರೇಬಿಯಾದಿಂದ ಶುರು ಮಾಡಿದರೆ ನಿದ್ದೆ ಹೋಗುತ್ತಾರೆಂದು ಸರ್ ನಮ್ಮ ಕಟ್ಟೆಮನೆಯಿಂದ ಶುರು ಮಾಡುತ್ತಿದ್ದರು. ಕಟ್ಟೆಮನೆ ಅಂದರೆ ನಮ್ಮವರು ಕೂತು ನ್ಯಾಯ ತೀರಿಸುವ ಜಾಗ, ಅದಕ್ಕೊಬ್ಬ ಯಜಮಾನ.

"ಕಟ್ಟೆಮನೆ ಯಜಮಾನ ತೀರಿಕೊಂಡ ಅಂತಿಟ್ಕೊಳ್ಳಿ. ಮುಂದೆ ಯಾರು?"

"ಮಗ ಸಾ!" ಎಂದು ಒಂದು ಗುಂಪು.

"ಇಲ್ಲ ಸಾ, ಹಿರೇರು ಕೂತ್ಕಂಡು ಆರಿಸ್ತಾರೆ!" ಎಂದು ಇನ್ನೊಂದು ಗುಂಪು.

ಬೆಂಚು ಬಡಿದಾಟ ಶುರುವಾಗುತ್ತಿತ್ತು. ಸರ್ ಕೈಕಟ್ಟಿ ನೋಡುತ್ತ ನಿಲ್ಲುತ್ತಿದ್ದರು. "ಆಯ್ತಾ? ಪ್ರವಾದಿಗಳು ಹೋದ್ಮೇಲೆ ಮದೀನಾದಾಗೆ ಆಗಿದ್ದೂ ಇದೇ ಮಾತು. ಮನೆತನದೋರಿಗೆ ಬರ್ಬೇಕು ಅಂದ್ರು ಕೆಲವ್ರು. ಜಮಾತು, ಅಂದ್ರೆ ಕೂಡಿದ ಜನ, ಒಪ್ಪಿದೋರಿಗೆ ಬರ್ಬೇಕು ಅಂದ್ರು ಕೆಲವ್ರು. ನೀವು ಬೆಲ್ಲು ಹೊಡೆದ್ರೆ ಸುಮ್ನಾಗ್ತೀರ. ಅವರಿಗೆ ಇನ್ನೂ ಬೆಲ್ಲು ಹೊಡೆದಿಲ್ಲ."

ಆಮೇಲೆ ಕೇಳುತ್ತಿದ್ದರು: "ನಿಮ್ಮಲ್ಲಿ ಪೂಜಾರಿ, ಯಜಮಾನ ಇಬ್ರೂ ಒಬ್ಬನೇ ಏನು?" "ಅಲ್ಲ ಸಾ, ಬೇರೆ ಬೇರೆ" ಎಂದು ಹುಡುಗರು. "ಯಾಕೆ? ಒಬ್ಬನೇ ಆದ್ರೆ ಏನಾಗ್ತದೆ?" ಒಂದು ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, "ಪೂಜಾರಿ ಮ್ಯಾಲೆ ಯಜಮಾನಂತಾಕೆ ದೂರು ಒಯ್ಯಬಹುದು ಸಾ. ಇಬ್ರೂ ಒಬ್ನೇ ಆದ್ರೆ ಯಾರಂತಾಕೆ ಒಯ್ಯಾದು?" ಅಂದಳು. ಸರ್‌ಗೆ ಅವತ್ತು ಊಟ ಸೇರಲಿಲ್ಲ, ಅಷ್ಟು ಖುಷಿ. ಸ್ಟಾಫ್ ರೂಮಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದರು. ಖಲೀಫರ ಕಥೆಯೂ ಅದೇ. ಮೊದಮೊದಲು ನಮಾಜಿಗೆ ಮುಂದೆ ನಿಲ್ಲುವವನೂ ಖಲೀಫನೇ, ದಂಡಿಗೆ ಅಪ್ಪಣೆ ಕೊಡುವವನೂ ಅವನೇ. ಆಮೇಲೆ ಡಮಾಸ್ಕಸ್ಸಿನಲ್ಲಿ ಅರಮನೆ ಎದ್ದಿತು, ಅಪ್ಪನ ಗದ್ದುಗೆ ಮಗನಿಗೆ ಹೋಯಿತು. ಬಾಗ್ದಾದಿನ ಹೊತ್ತಿಗೆ ಧರ್ಮ ಹೇಳುವ ಪಂಡಿತರು ಬೇರೆಯೇ ಆದರು. ಕೊನೆಗೆ ಕತ್ತಿ ಸುಲ್ತಾನರ ಕೈಗೆ ಹೋಗಿ, ಖಲೀಫನಿಗೆ ಶುಕ್ರವಾರದ ಪ್ರವಚನದಲ್ಲಿ ಒಂದು ಹೆಸರು ಮಾತ್ರ ಉಳಿಯಿತು. ಇಷ್ಟನ್ನು ಸರ್ ಒಂದು ಟೀ ಮುಗಿಯುವಷ್ಟರಲ್ಲಿ ಹೇಳುತ್ತಿದ್ದರು. ಟೀ ಮಾತ್ರ ಆರಿಹೋಗಿರುತ್ತಿತ್ತು.

ಒಮ್ಮೆ ನಮ್ಮ ಮನೆಗೆ ಬಂದಿದ್ದರು. ನಮ್ಮಪ್ಪ ವರವು ಕಾವಲು ಎಂಬ ಹುಲ್ಲುಗಾವಲಿಗೆ ಬೇಲಿ ಬೀಳುವ ತನಕ ಅಲ್ಲಿ ದನ ಮೇಯಿಸಿದವನು. "ದನದ ಮುಂದೆ ನಡೀತೀರೋ ಹಿಂದೆ ನಡೀತೀರೋ ಯಜಮಾನ್ರೇ?" ಎಂದು ಸರ್ ಭಕ್ತಿಯಿಂದ ಕೇಳಿದರು. ಏನೋ ದೊಡ್ಡ ಮಾತು ಹೊರಡುತ್ತದೆ ಎಂದು ಕಿವಿಗೊಟ್ಟು ಕೂತಿದ್ದರು. ಅಪ್ಪ ಬೀಡಿ ಆರಿಸಿ, "ಬಿಸ್ಲಿದ್ರೆ ಅವೇ ಮುಂದೆ ಸ್ವಾಮಿ. ಮಳೆ ಬಂದ್ರೆ ನಾನೇ ಮುಂದೆ, ಮನೆಕಡೀಗೆ" ಅಂದ. ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು.

ಚಪ್ಪಾಳೆಯ ವಿಷಯ ಹೇಳಬೇಕು. ಜಮಾತಿನ ನಮಾಜಿನಲ್ಲಿ ಮುಂದೆ ನಿಂತ ಇಮಾಮ್ ತಪ್ಪಿದರೆ ಹಿಂದಿನವರು ಸುಮ್ಮನಿರಬಾರದು. ಗಂಡಸರಾದರೆ 'ಸುಬ್ಹಾನಲ್ಲಾ' ಅನ್ನಬೇಕು. ಹೆಂಗಸರಾದರೆ ಎಡಗೈಯ ಹಿಂಬದಿಗೆ ಬಲ ಅಂಗೈಯಿಂದ ತಟ್ಟಿ ಸದ್ದು ಮಾಡಬೇಕು. ಅದನ್ನು ಕೇಳಿ ಇಮಾಮ್ ತಿದ್ದಿಕೊಳ್ಳಬೇಕು. ಮೊದಲ ಖಲೀಫರು ಅಧಿಕಾರ ವಹಿಸಿಕೊಂಡ ದಿನವೇ, ನಾನು ನಿಮ್ಮೆಲ್ಲರಿಗಿಂತ ಉತ್ತಮನಲ್ಲ, ಸರಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂದು ಜನರಿಗೆ ಹೇಳಿದ್ದರಂತೆ. ಇದನ್ನು ಹೇಳುವಾಗ ಸರ್ ಧ್ವನಿ ಸಣ್ಣಗಾಗುತ್ತಿತ್ತು. "ಮುಂದೆ ನಿಂತೋನಿಗೆ ಹಿಂದೆ ಕಣ್ಣಿಲ್ಲ ಮೇಡಮ್. ಹಿಂದಿನೋರು ಸುಮ್ನಾದ್ರೆ ಅವನ ಗತಿ ಮುಗೀತು" ಅನ್ನುತ್ತಿದ್ದರು.

ಅದನ್ನೇ ಕ್ಲಾಸಿಗೂ ತಂದರು. "ನಾನು ತಪ್ಪು ಹೇಳಿದ್ರೆ ಚಪ್ಪಾಳೆ ತಟ್ಬೇಕು. ಗಂಡುಹುಡುಗ್ರೂ ತಟ್ಟಿ, ಇದು ಮಸೀದಿ ಅಲ್ಲ." ಬೇಕೆಂದೇ ತಪ್ಪು ಹೇಳುತ್ತಿದ್ದರು. ಬಾಗ್ದಾದು ಮೊದಲು, ಡಮಾಸ್ಕಸ್ ಆಮೇಲೆ ಅನ್ನುತ್ತಿದ್ದಂತೆ ಇಡೀ ಕ್ಲಾಸು ತಟ್ಟುತ್ತಿತ್ತು. ಪ್ರಿನ್ಸಿಪಾಲರು ಓಡಿ ಬಂದು, "ಏನ್ರೀ ಇದು, ಪಾಠನೋ ಬಯಲಾಟನೋ?" ಎಂದು ಕೇಳಿದ್ದರು. "ತಪ್ಪಾಯ್ತು ಸರ್" ಎಂದು ಇವರು ಅಂದದ್ದೇ, ತಪ್ಪು ಎಂಬ ಮಾತು ಕಿವಿಗೆ ಬಿತ್ತಲ್ಲ, ಹುಡುಗರು ಅದಕ್ಕೂ ಚಪ್ಪಾಳೆ ತಟ್ಟಿದರು.

ನಿವೃತ್ತಿಗೆ ಸ್ವಲ್ಪ ಮೊದಲು ಹುಡುಗರನ್ನು ಕರೆದುಕೊಂಡು ಜಟಿಂಗ ರಾಮೇಶ್ವರಕ್ಕೆ ಹೋದೆವು. ಬೆಟ್ಟ ಹತ್ತುವಾಗ ಎಂದಿನಂತೆ ಸರ್ ಎಲ್ಲರ ಹಿಂದೆ. ಮೇಲೆ ಶಾಸನದ ಬಂಡೆಯ ಹತ್ತಿರ ಹುಡುಗರನ್ನು ಕೂರಿಸಿ ಪಾಠ ಶುರು ಮಾಡಿದರು. ಗಾಳಿ ಜೋರಾಗಿತ್ತು. "ಧರ್ಮ ಹೇಳೋನೂ ತಾನೇ, ಆಳೋನೂ ತಾನೇ ಅಂತ ನಮ್ಮ ಈ ಬೆಟ್ಟದಾಗೂ ಒಬ್ಬ ರಾಜ ಬರೆಸಿಟ್ಟಾನೆ. ಇದನ್ನ ಕೆತ್ತಿಸಿದೋನು..." ಎಂದು ನಿಂತರು. ಕೈ ಬಂಡೆಯ ಕಡೆಗೇ ಚಾಚಿತ್ತು. "ಕೆತ್ತಿಸಿದೋನು... ಬಾಗ್ದಾದಿನ..."

ಹುಡುಗರು ಹೋ ಎಂದು ಚಪ್ಪಾಳೆ ತಟ್ಟಿದರು. ಆಟ ಶುರುವಾಯಿತೆಂದು ಅವರಿಗೆ ಖುಷಿ. ಸರ್ ಕೂಡ ನಕ್ಕರು. ಆದರೆ ಸರಿಯಾದ ಹೆಸರು ಬರಲಿಲ್ಲ. ಚಪ್ಪಾಳೆ ನಿಂತರೂ ಬರಲಿಲ್ಲ. ನನ್ನ ಕಡೆ ನೋಡಿದರು. ದಾರಿ ತಪ್ಪಿದ ಮನುಷ್ಯ ಎದುರಿಗೆ ಬಂದವರನ್ನು ನೋಡುವಂತೆ ನೋಡಿದರು.

"ಅಶೋಕ, ಸರ್" ಅಂದೆ.

"ಹೌದಲ್ಲಾ" ಅಂದರು. "ಅಶೋಕ. ಹೌದು ಹೌದು."

ಇಳಿಯುವಾಗ ಮೊದಲ ಸಲ ಅವರು ನನಗಿಂತ ಮುಂದೆ ನಡೆದರು. ದಾರಿ ಬಿಟ್ಟು ಹೋಗದ ಹಾಗೆ ನಾನು ಹಿಂದೆಯೇ ಇದ್ದೆ.

ನಿವೃತ್ತಿಯಾದ ಮೇಲಿನದು ಮಸೀದಿಯ ಕಥೆ. ಅವರ ಮೊಹಲ್ಲಾದ ಮಸೀದಿಯಲ್ಲಿ ಇಮಾಮರಿಗೂ ಕಮಿಟಿಗೂ ಬಿದ್ದಿತ್ತು. ಆಡಳಿತ ನಮ್ಮದು ಎಂದು ಕಮಿಟಿ, ಧರ್ಮ ನನ್ನದು ಎಂದು ಇಮಾಮರು. ಸರ್ ವರ್ಷಗಟ್ಟಲೆ ಪಾಠ ಹೇಳಿದ್ದ ಜಗಳವೇ ಅವರ ಬೀದಿಗೆ ಬಂದಿತ್ತು. ಇಮಾಮರು ಬೇಸತ್ತು ಊರು ಬಿಟ್ಟರು. ಹೊಸಬರು ಸಿಗುವ ತನಕ ಎರಡು ಪಾರ್ಟಿಗೂ ಬೇಕಾದ ಒಬ್ಬರು ಮುಂದೆ ನಿಲ್ಲಬೇಕಿತ್ತು. ಎಲ್ಲರೂ ಸರ್ ಮನೆಗೆ ಬಂದರು. ಕುರಾನನ್ನು ಚೆನ್ನಾಗಿ ಓದಬಲ್ಲವರು, ಯಾರ ಗೋಜಿಗೂ ಹೋಗದವರು, ಊರಿನ ಅರ್ಧ ಗಂಡಸರಿಗೆ ಮೇಷ್ಟ್ರು.

ನಾನು ಅವತ್ತು ಅಲ್ಲೇ ಇದ್ದೆ, ಅಡುಗೆಮನೆಯಲ್ಲಿ ಅವರ ಹೆಂಡತಿಯ ಹತ್ತಿರ. ನಾನು ಅವರನ್ನು ಅಕ್ಕ ಅನ್ನುತ್ತೇನೆ. ಅಕ್ಕ ಗಂಡನನ್ನು ಒಳಗೆ ಕರೆದರು.

"ಬ್ಯಾಡ ಅನ್ರೀ. ನಿಮಗೆ ಮರೆವು ಐತೆ. ಮೊನ್ನೆ ಮನೆ ದಾರೀನೇ ತಪ್ಪಿ ಬಂದ್ರಿ. ನಾಕು ಜನದ ಮುಂದೆ ಮರ್ಯಾದೆ ಹೋಗ್ತೈತೆ."

"ಮರೆವು ಐತೆ ಅಂತ್ಲೇ ಹೇಳ್ತೀನಿ ಅವ್ರಿಗೆ. ಹಿಂದೆ ಜನ ಇರ್ತಾರಲ್ಲ. ತಪ್ಪಿದ್ರೆ ಹೇಳ್ತಾರೆ."

"ಹೇಳದಿದ್ರೆ?"

"ಹೇಳ್ತಾರೆ ಕಣೇ. ಅದು ಅವರ ಮೇಲಿರೋ ಕೆಲಸ." ಸರ್ ಹೊರಗೆ ಹೋಗಿ ಒಪ್ಪಿಕೊಂಡರು. ಮರೆವಿನ ವಿಷಯವನ್ನೂ ಹೇಳಿದರು. ವಿನಯಕ್ಕೆ ಹೇಳುತ್ತಿದ್ದಾರೆ ಎಂದು ಎಲ್ಲರೂ ನಕ್ಕರು.

ಶುರುವಿನಲ್ಲಿ ಸರ್ ನಂಬಿದಂತೆಯೇ ಆಯಿತು. ಎಲ್ಲೋ ಒಮ್ಮೆ ತಪ್ಪುತ್ತಿದ್ದರು, ಹಿಂದಿನಿಂದ 'ಸುಬ್ಹಾನಲ್ಲಾ' ಬರುತ್ತಿತ್ತು, ತಿದ್ದಿಕೊಳ್ಳುತ್ತಿದ್ದರು. ಮನೆಗೆ ಬಂದು ಹೆಂಡತಿಗೆ ಹೆಮ್ಮೆಯಿಂದ, "ನೋಡಿದ್ಯಾ, ಹೇಳಿದ್ರು" ಅನ್ನುತ್ತಿದ್ದರಂತೆ. ತಪ್ಪುಗಳು ಹೆಚ್ಚಾದಂತೆ ಹಿಂದಿನವರಿಗೆ ನಾಚಿಕೆಯಾಗತೊಡಗಿತು. ದೊಡ್ಡವರು, ಎಷ್ಟು ಸಲ ಹೇಳುವುದು. ಒಬ್ಬೊಬ್ಬರಾಗಿ ಸುಮ್ಮನಾದರು. ಒಂದು ಮಧ್ಯಾಹ್ನ ನಾಲ್ಕು ರಕಾತಿನ, ಅಂದರೆ ನಿಂತು ಬಾಗಿ ಮಣಿಯುವ ನಾಲ್ಕು ಸುತ್ತಿನ, ನಮಾಜು ಮುಗಿಸಿ ಕೂರಬೇಕಾದಲ್ಲಿ ಸರ್ ಐದನೆಯದಕ್ಕೆ ಎದ್ದು ನಿಂತರು. ಸಾಲಿನಲ್ಲಿದ್ದವರು ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡಿಕೊಂಡರು. ಯಾರೂ ಬಾಯಿ ಬಿಡಲಿಲ್ಲ. ಸರ್ ಹಿಂದೆ ಎಲ್ಲರೂ ಎದ್ದು ನಿಂತರು. ಇಡೀ ಮಸೀದಿ ಗೊತ್ತಿದ್ದೂ ಗೊತ್ತಿದ್ದೂ ಐದನೆಯದನ್ನು ಮಾಡಿ ಮುಗಿಸಿತು.

ಇದನ್ನು ನನಗೆ ಹೇಳಿದವನು ನಮ್ಮಿಬ್ಬರ ಹಳೆಯ ವಿದ್ಯಾರ್ಥಿ, ಈಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವನು. ನಮಾಜು ಮುಗಿದ ಮೇಲೆ ಸರ್ ಅವನ ಹತ್ತಿರ ಬಂದು, "ಒಂದು ಹೆಚ್ಚಾಯ್ತೇನೋ?" ಎಂದು ಕೇಳಿದರಂತೆ.

"ನೀನೇನಂದೆ?"

"ಇಲ್ಲ ಸಾ, ಸರಿಯಾಗೇ ಆಯ್ತು ಅಂದೆ ಮೇಡಮ್. ಆ ಮುಖ ನೋಡ್ಕಂಡು ಹೆಂಗೆ ಹೇಳ್ಳಿ?" ಎಂದು ಅವನು ಯಾರದೋ ಮೊಬೈಲಿನ ಗಾಜು ಒರೆಸುತ್ತ ಕೂತ.

ಸರ್ ಮನೆಗೆ ಬಂದು ಹೆಂಡತಿಯನ್ನು ಕೇಳಿದರು. ಅಷ್ಟು ಹೊತ್ತಿಗೆ ಓಣಿಯ ಹೆಂಗಸರ ಬಾಯಲ್ಲಿ ಸುದ್ದಿ ಬಂದಾಗಿತ್ತು. ಅಕ್ಕ ಮುಚ್ಚಿಡಲಿಲ್ಲ. "ಹೌದು, ಐದು ಮಾಡಿಸಿದ್ರಂತೆ" ಅಂದರು. ಸರ್ ಮಂಚದ ಮೇಲೆ ಕೂತರು. ತಾನು ತಪ್ಪಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. "ಅಷ್ಟೂ ಜನ ಇದ್ರಲ್ಲೇ" ಅಂದರಂತೆ. ಟೋಪಿ ತೆಗೆದಿಟ್ಟು ಇನ್ನೊಮ್ಮೆ, "ಅಷ್ಟೂ ಜನ ಇದ್ರಲ್ಲಾ."

ಮರುದಿನ ಮಸೀದಿಗೆ ಹೋಗಿ ಕೊನೆಯ ಸಾಲಿನಲ್ಲಿ ನಿಂತುಕೊಂಡರು. ಮುಂದೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಎಲ್ಲರಿಗೂ ಒಳಗೊಳಗೇ ನಿರಾಳವಾಗಿರಬೇಕು. ಹೊಸ ಇಮಾಮರು ಬಂದರು. ದಾರಿ ತಪ್ಪುವುದು ಹೆಚ್ಚಾದ ಮೇಲೆ ಅಕ್ಕ ಅವರನ್ನು ಮನೆ ಬಿಟ್ಟು ಕಳಿಸಲಿಲ್ಲ.

ಆಮೇಲೆ ಮನೆಯೇ ಮಸೀದಿ. ಒಂದು ಸಂಜೆ ನಾನು ಹೊರಗಿನ ಕೋಣೆಯಲ್ಲಿ ಕೂತಿದ್ದೆ. ಒಳಗೆ ನಮಾಜು ನಡೆಯುತ್ತಿತ್ತು. ಮುಂದೆ ಸರ್, ಹಿಂದೆ ಅಕ್ಕ. ಟಪ್ ಎಂದು ಕೈ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಪ್. ನಮಾಜು ಮುಗಿಸಿ ಬಂದ ಸರ್ ಮುಖ ಹಗುರವಾಗಿತ್ತು. "ಬಿಡೋದೇ ಇಲ್ಲ ಮೇಡಮ್ ಈಕೆ. ಇಂಥೋರು ಹಿಂದೆ ನಿಂತಿದ್ರೆ ಖಲೀಫರ ರಾಜ್ಯ ಇನ್ನೂ ಇರ್ತಿತ್ತು" ಅಂದರು. ಅಕ್ಕ ಒಳಗಿನಿಂದ, "ನನ್ನ ಕೈ ಇರ್ತಿದ್ದಿಲ್ಲ" ಅಂದರು. ಮೂವರೂ ನಕ್ಕೆವು. ನಾನು ಅವರ ಜೊತೆ ನಕ್ಕದ್ದು ಅದೇ ಕೊನೆ ಎಂದು ಕಾಣುತ್ತದೆ.

ಮುಂದಿನ ವರ್ಷ ಹೋದಾಗ ನನ್ನ ಗುರುತು ಹತ್ತಲಿಲ್ಲ. "ಕೂತ್ಕೊಳ್ರಮ್ಮಾ" ಎಂದು ಮರ್ಯಾದೆಯಿಂದ ಅಂದರು. ನಮಾಜಿನ ಹೊತ್ತಾಯಿತು. ಅಕ್ಕ ಅವರ ಕೈಕಾಲಿಗೆ ನೀರು ಹಾಕಿ, ಚಾಪೆ ಹಾಸಿ, ಹಿಂದೆ ನಿಂತುಕೊಂಡರು. ಟಪ್ ಎಂದು ಸದ್ದು ಬಂತು. ಮತ್ತೆ ಟಪ್. ಆಮೇಲೆ ಬಿಡದೆ ಟಪ್ ಟಪ್ ಟಪ್. ಬಾಗಿಲ ಸಂದಿಯಲ್ಲಿ ನೋಡಿದೆ. ಸರ್ ನಿಂತೇ ಇದ್ದರು, ಗೋಡೆ ನೋಡುತ್ತ. ಬಾಗಬೇಕೋ ಕೂರಬೇಕೋ ಗೊತ್ತಿಲ್ಲದೆ ಸುಮ್ಮನೆ ನಿಂತಿದ್ದರು. ಚಪ್ಪಾಳೆ ಅವರಿಗೆ ಮುಟ್ಟುತ್ತಿರಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ದುಃಖ ಅಂತ ನನಗೆ ಆಗಿದ್ದರೆ ಅವತ್ತು ಆಗಿತ್ತು. ಸುದ್ದಿ ಬಂದ ದಿನಕ್ಕೆ ಏನೂ ಉಳಿದಿರಲಿಲ್ಲ.

ಅವರ ಮನೆಗೆ ಹೋದಾಗ ಓಣಿ ತುಂಬಿತ್ತು. ಹಳೆಯ ವಿದ್ಯಾರ್ಥಿಗಳು, ಕಮಿಟಿಯವರು, ಮಂಡಕ್ಕಿ ಅಂಗಡಿಯವನು, ಎಲ್ಲರೂ ಇದ್ದರು. ನಾನು ಒಳಕೋಣೆಯಲ್ಲಿ ಹೆಂಗಸರ ನಡುವೆ ಅಕ್ಕನ ಪಕ್ಕ ಕೂತೆ. ಅಕ್ಕ ಬೆಳಗಿನಿಂದ ಅತ್ತಿಲ್ಲ, ಮಾತೂ ಆಡಿಲ್ಲ ಎಂದು ಯಾರೋ ಕಿವಿಯಲ್ಲಿ ಹೇಳಿದರು. ಊದುಬತ್ತಿಯ ಹೊಗೆಗೆ ಕಣ್ಣುರಿಯುತ್ತಿತ್ತು. ಗೋಡೆಯ ಮೇಲೆ ನಮ್ಮ ಕಾಲೇಜಿನ ಗ್ರೂಪ್ ಫೋಟೋ ಇತ್ತು, ಅದರಲ್ಲಿ ಸರ್ ಇದ್ದ ಮೂಲೆಯನ್ನೇ ನೋಡುತ್ತ ಕೂತೆ.

ಹೊತ್ತಾಯಿತು ಎಂದರು. ಎದುರಿಗೇ ಕಾಣುವ ಪಡಸಾಲೆಯಲ್ಲಿ ಶವ ಹೊರುವ ಜನಾಜಾದ ಮಂಚ ಎತ್ತಿದರು. ಬಾಗಿಲು ಕಿರಿದು, ನುಗ್ಗಿದವರು ಬಹಳ. ಮೊಬೈಲ್ ಅಂಗಡಿಯವನೂ ಹೆಗಲು ಕೊಟ್ಟಿದ್ದ. ಆತುರದಲ್ಲಿ ಮಂಚವನ್ನು ಕಾಲು ಮುಂದಾಗಿ ಬಾಗಿಲಿಗೆ ತಿರುಗಿಸಿಬಿಟ್ಟರು. ತಲೆ ಮುಂದಾಗಿ ಒಯ್ಯುವುದು ಅವರ ಪದ್ಧತಿ. ಕೆಲವರಿಗೆ ಕಂಡಿತ್ತು, ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಆ ಅಳುವಿನ ನಡುವೆ ಯಾರೂ ಬಾಯಿ ಬಿಡಲಿಲ್ಲ.

ನನ್ನ ಪಕ್ಕದಲ್ಲಿ ಟಪ್ ಎಂದು ಸದ್ದಾಯಿತು. ಅಕ್ಕ ಎಡಗೈಯ ಹಿಂಬದಿಗೆ ಬಲಗೈ ತಟ್ಟಿದ್ದರು. ಮತ್ತೊಮ್ಮೆ ತಟ್ಟಿದರು, ಜೋರಾಗಿ. ಅಳುತ್ತಿದ್ದವರ ಅಳು ನಿಂತಿತು. ಹೊತ್ತವರು ನಿಂತರು. ಮೊಬೈಲ್ ಅಂಗಡಿಯವನು ತಿರುಗಿ ಒಳಕೋಣೆಯ ಕಡೆ ನೋಡಿ, ತಲೆ ತಗ್ಗಿಸಿ, "ತಪ್ಪಾತು, ತಿರುಗಿಸ್ರಪ್ಪಾ, ತಲೆ ಮುಂದೆ ಮಾಡ್ರಿ" ಅಂದ. ಮಂಚವನ್ನು ನಿಧಾನವಾಗಿ ತಿರುಗಿಸಿದರು. ಸರ್ ಎಲ್ಲರಿಗಿಂತ ಮುಂದಾಗಿ, ಹೊಸ್ತಿಲು ದಾಟಿ ಹೋದರು. ಬಾಗಿಲಲ್ಲಿ ನಿಂತಿದ್ದ ಹೊಸ ಇಮಾಮರೂ ಪಕ್ಕಕ್ಕೆ ಸರಿದು, ಅವರ ಹಿಂದೆ ನಡೆದರು.

ಓಣಿಯ ಸದ್ದು ದೂರವಾಯಿತು. ಅಕ್ಕನ ಕೈ ಇನ್ನೂ ಹಾಗೇ ಒಂದರ ಮೇಲೊಂದು ಇತ್ತು.

"ಕೇಳಿಸ್ತಾ ಮೇಡಮ್?" ಅಂದರು. ಬೆಳಗಿನಿಂದ ಆಡಿದ ಮೊದಲ ಮಾತು.

"ಹೊತ್ತೋರಿಗೆ ಕೇಳಿಸ್ತಕ್ಕ. ತಿರುಗಿಸಿದ್ರಲ್ಲ."

"ಅವ್ರಿಗಲ್ಲ ಮೇಡಮ್" ಅಂದರು ಅಕ್ಕ. "ನಮ್ಮನೆಯೋರಿಗೆ."